ಗ್ರೇಡಲ್‌ಗೆ ಹೆಪ್ಪು ಎಲ್ಲಿಂದ ತರಬೇಕು?

ನಮಸ್ಕಾರ. ಗ್ರೇಡಲ್ ಅಂದರೆ ಸೋರ್ಸ್ ಕೋಡಿನಿಂದ ಓಡುವ ಪ್ರೋಗ್ರಾಂ ಕಟ್ಟುವ, ಅಂದರೆ 'ಬಿಲ್ಡ್' ಮಾಡುವ, ಒಂದು ಟೂಲ್. ಡೆಬಿಯನ್ 12 ಅನ್ನುವ ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ 'ಆಪ್ಟ್ ಇನ್‌ಸ್ಟಾಲ್ ಗ್ರೇಡಲ್' ಅಂತ ಕೊಟ್ಟು ನೋಡಿ. ಬರುವುದು ಅದರ 4.4.1 ಆವೃತ್ತಿ. ಅದು 2017ರ ಡಿಸೆಂಬರಿನದು! ಡೆಬಿಯನ್ 12 ಬಂದದ್ದು 2023ರಲ್ಲಿ. ಅಷ್ಟು ಹೊತ್ತಿಗೆ ಗ್ರೇಡಲ್ 8 ಬಂದಾಗಿತ್ತು. ಇದನ್ನು ನೋಡಿ 'ಡೆಬಿಯನ್‌ನವರು ಸೋಮಾರಿಗಳು' ಅನ್ನುವವರಿದ್ದಾರೆ. ಆ ಮಾತು ಕೇಳಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಮೊಸರು ಮಾಡಲು ಬರೀ ಹಾಲು ಸಾಲದು, ನಿನ್ನೆಯ ಮೊಸರು ಒಂದು ಚಮಚ ಬೇಕು, ಅಲ್ವಾ? ಗ್ರೇಡಲ್ ಕಥೆಯೂ ಅಷ್ಟೇ. ಗ್ರೇಡಲ್ ಬಿಲ್ಡ್ ಮಾಡಲು ಗ್ರೇಡಲ್ಲೇ ಬೇಕು. ಸಾಲದ್ದಕ್ಕೆ ಹೊಸ ಆವೃತ್ತಿಗಳಿಗೆ ಕಾಟ್ಲಿನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬೇಕು. ಕಾಟ್ಲಿನ್ ಬಿಲ್ಡ್ ಮಾಡಲು ಮತ್ತೆ ಗ್ರೇಡಲ್ ಬೇಕು. ಡೆಬಿಯನ್‌ನಲ್ಲಿ ಬಿಲ್ಡ್ ನಡೆಯುವಾಗ ನೆಟ್ ಮುಟ್ಟುವಂತಿಲ್ಲ. ಬೇಕಾದ ಒಂದೊಂದು ಜಾರ್ ಫೈಲೂ (ಜಾವಾ ಕೋಡಿನ ಸಿದ್ಧ ಕಟ್ಟು) ಸೋರ್ಸಿನಿಂದ ಕಟ್ಟಿದ ಪ್ಯಾಕೇಜಿನಿಂದಲೇ ಬರಬೇಕು. ಮೊದಲ ಸಲ ಹೆಪ್ಪನ್ನು, ಅಂದರೆ ಹೊರಗೆ ಕಟ್ಟಿದ ಗ್ರೇಡಲ್ಲನ್ನು, ಪಕ್ಕದ ಮನೆಯಿಂದ ತರಬಹುದು. ದಿನಾ ಪ್ಯಾಕೆಟ್ ಮೊಸರು ತಂದು 'ಮನೆಯಲ್ಲೇ ಮಾಡಿದ್ದು' ಅನ್ನುವಂತಿಲ್ಲ. ಇಷ್ಟರ ನಡುವೆಯೂ ಅಲ್ಲಿನ ಸ್ವಯಂಸೇವಕರು ಆ ಹಳೇ 4.4.1ಕ್ಕೆ ತೇಪೆ ಹಾಕಿ ಹಾಕಿ ಜಾವಾ 17ರ ಮೇಲೆ ಓಡಿಸಿದ್ದಾರೆ. ಸುಮ್ನೆ ಕೂತವರು ಮಾಡುವ ಕೆಲಸವೇ ಇದು?

ಮ್ಯಾಕ್‌ನಲ್ಲಿ ಹೆಚ್ಚಾಗಿ ಬಳಸುವ ಪ್ಯಾಕೇಜ್ ಟೂಲ್ ಹೋಮ್‌ಬ್ರೂವಿನ ದಾರಿ ಬೇರೆ. ಗ್ರೇಡಲ್‌ನವರು ಕೊಟ್ಟ ಸಿದ್ಧ ಜಿಪ್ ತಂದು ಬಿಚ್ಚಿಡುತ್ತದೆ. ನನ್ನ ಲ್ಯಾಪ್‌ಟಾಪಿಗೆ ಅಷ್ಟು ಸಾಕು. ಆದರೆ ಸಾವಿರಾರು ಪ್ಯಾಕೇಜುಗಳನ್ನು ಕಟ್ಟಿ ಜನರ ಕೈಗೆ ಕೊಡುವವರಿಗೆ ಅದು ಸಾಲದು ಅಂತ ನನ್ನ ಗಟ್ಟಿ ಅಭಿಪ್ರಾಯ. 2024ರ ಮಾರ್ಚಿನಲ್ಲಿ ಫೈಲ್ ಕುಗ್ಗಿಸುವ ಟೂಲ್ ಎಕ್ಸ್‌ಝಡ್‌ನಲ್ಲಿ ಏನಾಯಿತು? ಕಳ್ಳರಿಗೆ ಹಿತ್ತಿಲ ಬಾಗಿಲು ತೆರೆಯುವ ಸಾಲು, ಎಲ್ಲರೂ ನೋಡಬಹುದಾದ ಸೋರ್ಸ್ ಭಂಡಾರವಾದ ಗಿಟ್‌ನಲ್ಲಿ ಇರಲೇ ಇಲ್ಲ. ಬಿಡುಗಡೆಯ ಟಾರ್‌ಬಾಲಿನೊಳಗೆ (ಸೋರ್ಸಿನ ಕಂತೆಯೊಳಗೆ), ಬಿಲ್ಡ್ ಸ್ಕ್ರಿಪ್ಟಿನಲ್ಲಿ ಅಡಗಿತ್ತು. ಕಳ್ಳ ಬಂದು ಕೂತದ್ದು ಬಿಲ್ಡ್ ನಡೆಯುವ ಜಾಗದಲ್ಲೇ. ಹಾಗಿರುವಾಗ ಬಿಲ್ಡ್ ಟೂಲ್ ಒಂದನ್ನೇ ಕಣ್ಣು ಮುಚ್ಚಿ ನಂಬಿ ಅಂದರೆ ಹೇಗೆ?

ಬಿಲ್ಡ್ ಟೂಲ್ ಬರೆಯುವವರು ಮನಸ್ಸು ಮಾಡಿದರೆ, ಟೂಲನ್ನು ಸೋರ್ಸಿನಿಂದಲೇ ಕಟ್ಟುವುದು ಆಗದ ಕೆಲಸವಲ್ಲ. ನಿಂಜಾ ಅನ್ನುವ ಬಿಲ್ಡ್ ಟೂಲ್ ನೋಡಿ. ಪೈಥಾನ್ ಮತ್ತು ಸಿ++ ಕಂಪೈಲರ್ ಇದ್ದರೆ ಆಯಿತು. ಅದರ 'ಕಾನ್ಫಿಗರ್ ಡಾಟ್ ಪೈ' ಸ್ಕ್ರಿಪ್ಟಿಗೆ 'ಬೂಟ್‌ಸ್ಟ್ರಾಪ್' ಅಂತ ಹೇಳಿ ಓಡಿಸಿದರೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಸಿಮೇಕ್ ಅನ್ನುವ ಇನ್ನೊಂದು ಟೂಲಿಗೂ ಅಂಥದ್ದೇ ಒಂದು ಸ್ಕ್ರಿಪ್ಟ್ ಇದೆ. ಗ್ರೇಡಲ್ ಇವಕ್ಕಿಂತ ತುಂಬಾ ದೊಡ್ಡದು, ಒಪ್ಪುತ್ತೇನೆ. ಇಡೀ ಗ್ರೇಡಲ್ ಬೇಡ. ಕಾಟ್ಲಿನ್ ಇಲ್ಲದೆ, ನೆಟ್ ಇಲ್ಲದೆ ಅದರ ತಿರುಳನ್ನಷ್ಟೇ ಕಟ್ಟುವ ಒಂದು ದಾರಿ ಬಿಟ್ಟುಕೊಡಲಿ. ಡೆಬಿಯನ್‌ನವರಿಗೆ ಅಷ್ಟು ಹೆಪ್ಪು ಸಿಕ್ಕರೆ ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ.