ಗಂಟು ಕಾಲೇಜಿನದು, ಬೀಗದ ಕೈ ದಾನಿಯದು

ಕೇಳುಗರೇ, ನಮಸ್ಕಾರ.

ಅಮೆರಿಕದ ಖಾಸಗಿ ಕಾಲೇಜುಗಳ ಅಧ್ಯಕ್ಷರ, ಅಂದರೆ ಕಾಲೇಜು ನಡೆಸುವ ಮುಖ್ಯಸ್ಥರ, ಪಾಡು ಏನು ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನನ್ನದು ಒಂದೇ ಮಾತು. ದತ್ತಿ ನಿಧಿ, ಅಂದರೆ ದಾನಿಗಳು ಕೊಟ್ಟು ಕಾಲೇಜು ಹೂಡಿಟ್ಟಿರುವ ಗಂಟು, ಬೇರೆ; ಕೈಯಲ್ಲಿರುವ ಕಾಸು ಬೇರೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು.

"ಕೋಟಿಗಟ್ಟಲೆ ಡಾಲರ್ ಇದೆಯಲ್ಲ, ಅದರಲ್ಲೇ ಸಂಬಳ ಕೊಡಬಹುದಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಆಗಲ್ಲ ಸ್ವಾಮಿ! ಬಹಳಷ್ಟು ಸಲ ದಾನಿ ಹಣ ಕೊಡುವಾಗಲೇ ಷರತ್ತು ಬರೆದಿರುತ್ತಾನೆ. ಸಂಗೀತ ಕಲಿಯುವವರ ವಿದ್ಯಾರ್ಥಿವೇತನಕ್ಕೆ ಅಂತ ಕೊಟ್ಟಿದ್ದರೆ, ಅದರಿಂದ ಸೋರುವ ಹಾಸ್ಟೆಲ್ ರಿಪೇರಿ ಮಾಡಿಸುವಂತಿಲ್ಲ. ವರ್ಷಕ್ಕೆ ನೂರಕ್ಕೆ ನಾಲ್ಕೈದು ಡಾಲರ್ ತೆಗೆಯುವುದು ರೂಢಿ. ಅದೂ ಹೇಳಿದ ಕೆಲಸಕ್ಕೇ.

ಸ್ವೀಟ್ ಬ್ರಯರ್ ಕಾಲೇಜಿನ ಕತೆ ಹೇಳುತ್ತೇನೆ, ಕೇಳಿ. ವರ್ಜೀನಿಯಾದಲ್ಲಿ 1901ರಲ್ಲಿ ಸ್ಥಾಪನೆಯಾದ ಹೆಣ್ಣುಮಕ್ಕಳ ಕಾಲೇಜು ಅದು. ಸುಮಾರು 3,000 ಎಕರೆ ಜಾಗ, 8 ಕೋಟಿ ಡಾಲರಿಗೂ ಜಾಸ್ತಿ ದತ್ತಿ ನಿಧಿ. ಹೀಗಿದ್ದೂ 2015ರ ಮಾರ್ಚ್ 3ರಂದು, ಬೇಸಿಗೆ ಮುಗಿಯುವುದರೊಳಗೆ ಕಾಲೇಜು ಮುಚ್ಚುತ್ತೇವೆ ಎಂದು ಅಧ್ಯಕ್ಷರು ಘೋಷಿಸಿಬಿಟ್ಟರು. ಪಾಠ ಮಾಡುವವರಿಗೂ ವಿಷಯ ತಿಳಿದದ್ದು ಅವತ್ತೇ. ಹಳೆ ವಿದ್ಯಾರ್ಥಿನಿಯರು ಕೆಂಡವಾದರು. ಆಗಲೇ ಬೇಕಿತ್ತು ಬಿಡಿ! ಹಣ ಕೊಡಬಲ್ಲವರಿಗೆ ನಿರ್ಧಾರ ಆದ ಮೇಲೆ ಸುದ್ದಿ ಮುಟ್ಟಿಸುವುದು ಯಾವ ಸೀಮೆ ನಾಯಕತ್ವ? ಅವರು ಸುಮ್ನೆ ಅತ್ತು ಕೂರಲಿಲ್ಲ. ಸಂಘ ಕಟ್ಟಿದರು, ದೇಣಿಗೆ ಎತ್ತಿದರು. ವಿಷಯ ಕೋರ್ಟಿಗೂ ಹೋಯಿತು.

ಜೂನಿನಲ್ಲಿ ರಾಜಿಯಾಯಿತು. ಅವರ ಸಂಘ 1.2 ಕೋಟಿ ಡಾಲರ್ ಕೊಡಬೇಕು. ದತ್ತಿ ನಿಧಿಯಲ್ಲಿ 1.6 ಕೋಟಿಯ ಮೇಲಿನ ಷರತ್ತು ಸಡಿಲಿಸಲು ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲರು, ಒಪ್ಪಬೇಕು. ಗಮನಿಸಿದಿರಾ? ಹಣ ಕಾಲೇಜಿನದೇ, ಖರ್ಚು ಮಾಡಲು ಸರ್ಕಾರದ ಒಪ್ಪಿಗೆ! ಕಾಲೇಜು ಉಳಿಯಿತು. ಆಗ ಬಂದ ಹೊಸ ಅಧ್ಯಕ್ಷ ಫಿಲಿಪ್ ಸ್ಟೋನ್ ಹಿಂದೆ ವಕೀಲರಾಗಿದ್ದವರು. ಇಂಥ ಕುರ್ಚಿಗೆ ಅಂಥವರೇ ಸರಿ ಅನ್ನಿಸುತ್ತದೆ ನನಗೆ.

ಮುಂದೆ 2017ರಲ್ಲಿ ಅದೇ ಕಾಲೇಜು ಊಟ, ವಸತಿ ಸೇರಿ ಸುಮಾರು 50,000 ಡಾಲರ್ ಇದ್ದ ಶುಲ್ಕವನ್ನು 34,000ಕ್ಕೆ ಇಳಿಸುವುದಾಗಿ ಹೇಳಿತು. ಬರೆದಿಟ್ಟ ಫೀಸು ಪೂರ್ತಿ ಕಟ್ಟುವವರು ಕಡಿಮೆ, ಅದಕ್ಕೆ. ಅಲ್ಲಿನ ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಸರಾಸರಿ ಅರ್ಧಕ್ಕಿಂತ ಜಾಸ್ತಿ ರಿಯಾಯಿತಿ ಕೊಡುತ್ತವೆ. ಅಂದರೆ ಫೀಸಿನ ಹಣವೂ ಕಾಗದದ ಮೇಲೆ ಕಂಡಷ್ಟು ಕೈಗೆ ಬರುವುದಿಲ್ಲ.

ಅಯ್ಯೋ, ಸಮಯ ಆಯಿತು ಎಂದು ಕೈಸನ್ನೆ ಮಾಡುತ್ತಿದ್ದಾರೆ. ಇನ್ನು ಎರಡೇ ಮಾತು. ಅಮೆರಿಕದಲ್ಲಿ 2007ರ ನಂತರ ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆ. ಅದಕ್ಕೆ ಕಾಲೇಜು ಸೇರುವ ವಯಸ್ಸು 18 ಕೂಡಿಸಿ ನೋಡಿ, ಕಾಲೇಜಿಗೆ ಬರುವವರೂ ಕಡಿಮೆಯಾಗುವ ಕಾಲ ಬಂದಿದೆ. ಅಧ್ಯಕ್ಷರೂ ನಿಲ್ಲುತ್ತಿಲ್ಲ. 2006ರಲ್ಲಿ ಲೆಕ್ಕ ಹಾಕಿದಾಗ ಅವರು ಆ ಕುರ್ಚಿಗೆ ಬಂದು ಸರಾಸರಿ ಎಂಟೂವರೆ ವರ್ಷವಾಗಿತ್ತು. 2022ರ ಹೊತ್ತಿಗೆ ಅದು ಆರಕ್ಕಿಂತ ಕೆಳಗಿಳಿದಿತ್ತು. ದಾನಿಗಳ ಷರತ್ತಿನ ಕಡತ ಓದಿ ಮುಗಿಸುವಷ್ಟರಲ್ಲಿ ಬೀಳ್ಕೊಡುಗೆ ಸಮಾರಂಭ! ನನ್ನ ಸಮಯವೂ ಮುಗಿಯಿತು. ನಮಸ್ಕಾರ.