ಎಲೆಯ ಬೆನ್ನು

ಕೇಳುಗರಿಗೆ ನಮಸ್ಕಾರ.

ಇವತ್ತು ಇಸ್ಪೀಟಿನ ಬಗ್ಗೆ ಮಾತಾಡುತ್ತೇನೆ. ಗಾಬರಿಯಾಗಬೇಡಿ, ದುಡ್ಡು ಕಟ್ಟಿ ಆಡುವ ವಿಷಯವಲ್ಲ. ಎಲೆಯ ವಿಷಯ, ಕಾಗದದ ವಿಷಯ. ನಾನು ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ 22 ವರ್ಷ ಕಟಿಂಗ್ ಮಷೀನ್ ಮುಂದೆ ನಿಂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಎಲ್ಲಾ ನನ್ನ ಬ್ಲೇಡಿನ ಕೆಳಗೆ ಬಂದು ಹೋಗಿವೆ. ಕೈಗೆ ಇಸ್ಪೀಟ್ ಪ್ಯಾಕ್ ಸಿಕ್ಕರೆ ನನ್ನ ಕಣ್ಣು ರಾಜ ರಾಣಿಯ ಕಡೆ ಹೋಗುವುದಿಲ್ಲ. ಹೆಬ್ಬೆರಳು ತಾನಾಗೇ ಅಂಚಿನ ಮೇಲೆ ಹೋಗುತ್ತದೆ.

ಈಗೊಂದು ಹೊಸ ಷೋಕಿ ಬಂದಿದೆ. ಮದುವೆಗೆ, ಹುಟ್ಟುಹಬ್ಬಕ್ಕೆ ಮನೆಯವರ ಫೋಟೋ ಹಾಕಿಸಿ ಇಸ್ಪೀಟ್ ಪ್ಯಾಕ್ ಮಾಡಿಸುವುದು. ನಮ್ಮ ಅಕ್ಕನ ಮಗನ ಮದುವೆಗೂ ಮಾಡಿಸಿದರು. ಮದುಮಗ ಆಟೀನ್ ರಾಜ, ಮದುಮಗಳು ಆಟೀನ್ ರಾಣಿ. ಸೋದರಮಾವ ಅಂತ ನನಗೂ ಒಂದು ಎಲೆ ಸಿಕ್ಕಿತ್ತು. ಗುಲಾಮ. ಅದೂ ಕಳಾವರ್ ಗುಲಾಮ. ಇರಲಿ ಬಿಡಿ.

ಧಾರೆಯ ಹಿಂದಿನ ರಾತ್ರಿ ಕಲ್ಯಾಣ ಮಂಟಪದಲ್ಲಿ ಜಮಖಾನ ಹಾಸಿ ಆಡಲು ಕೂತೆವು. ನಡುವೆ ಮಂಡಕ್ಕಿ, ಮಿರ್ಚಿ. ಅಕ್ಕನ ಮೊಮ್ಮಗಳು ನನ್ನ ಎದುರಿಗೆ ಕೂತಿದ್ದಳು. ಎರಡು ಆಟ ಸುಮ್ನೆ ನೋಡಿದಳು. ಮೂರನೇ ಆಟಕ್ಕೆ, "ಅಜ್ಜ, ನಿನ್ನ ಕೈಯಲ್ಲಿ ಎಕ್ಕ ಐತೆ" ಅಂದಳು. ಇತ್ತು! "ಹೆಂಗೆ ಗೊತ್ತಾತು?" ಅಂದೆ. "ಹಿಂದುಗಡೆ ಅದೊಂದೇ ಕಪ್ಪಗೈತೆ" ಅಂದಳು. ತಿರುಗಿಸಿ ನೋಡಿದರೆ ನಿಜ. ಎಲೆಯ ಹಿಂಬದಿಗೆ ಹಾಕಿದ್ದು ಗಂಡು ಹೆಣ್ಣಿನ ಫೋಟೋ. ಬೇರೆ ಬೇರೆ ಹಾಳೆಯಲ್ಲಿ ಹೊಡೆದಿದ್ದರು. ಒಂದು ಹಾಳೆಯಲ್ಲಿ ಶಾಯಿ ಗಾಢ, ಇನ್ನೊಂದರಲ್ಲಿ ತೆಳು. ಸಾಲದ್ದಕ್ಕೆ, ಕಲಸುವಾಗ ಕೆಲವು ಎಲೆ ತಿರುಗುಮುರುಗಾಗಿ ಮದುಮಗ ತಲೆಕೆಳಗಾಗಿ ನಿಂತಿದ್ದ. ಅದೂ ಒಂದು ಗುರುತೇ.

ಅವತ್ತು ನನಗೆ ಹೊಳೆದದ್ದು ಇಷ್ಟು. ನಾವು ಪ್ರೆಸ್ಸಿನವರು ಇಡೀ ಜೀವನ ತೋರಿಸುವ ಕಾಗದ ಮಾಡಿದವರು. ಲಗ್ನಪತ್ರಿಕೆ ಇರುವುದೇ ತೋರಿಸುವುದಕ್ಕೆ. ಇಸ್ಪೀಟು ಎಲೆ ಇರುವುದು ಮುಚ್ಚಿಡುವುದಕ್ಕೆ. ಮುಖದ ಮೇಲೆ ಏನು ಬೇಕಾದರೂ ಬರೆಸಿ. ಬೆನ್ನು ಮಾತ್ರ 52 ಎಲೆಗೂ ಒಂದೇ ಥರ ಇರಬೇಕು. ಮೇಲೆ ಕೆಳಗೆ ತಿರುಗಿಸಿದರೂ ಒಂದೇ ಥರ ಕಾಣಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಇಡೀ ಪ್ಯಾಕನ್ನು ಒಂದೇ ಹಾಳೆಯ ಮೇಲೆ ಹೊಡೆಯುವುದುಂಟು. ಹಾಗೆ ಮಾಡಿದರೆ ಒಂದು ಎಲೆಗೂ ಇನ್ನೊಂದಕ್ಕೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ನಮ್ಮ ಮೈಸೂರಿನ ಗಂಜೀಫಾ, ಅಂದರೆ ಕೈಯಿಂದ ಚಿತ್ರ ಬರೆದ ಹಳೆ ಕಾಲದ ಆಟದ ಎಲೆ, ನೋಡಿದ್ದೀರಾ? ದುಂಡನೆಯ ಎಲೆ. ದಶಾವತಾರದ ಕಟ್ಟಿನಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆ. ಮುಖದ ಮೇಲೆ ಕೂದಲೆಳೆಯಷ್ಟು ನಾಜೂಕು ಚಿತ್ರ. ಬೆನ್ನಿಗೆ ಸಾಮಾನ್ಯವಾಗಿ ಬರೀ ಒಂದು ಬಣ್ಣ. ಆ ಚಿತ್ರಗಾರರಿಗೆ ಗೊತ್ತಿದ್ದದ್ದು ನಮಗೆ ಮರೆತುಹೋಗಿತ್ತು ಅಷ್ಟೆ.

ಹಿಂಬದಿಗೆ ಬಿಳಿ ಅಂಚು ಬಿಟ್ಟಿದ್ದರೆ ಇನ್ನೂ ಹುಷಾರಾಗಿರಬೇಕು. ಒಂದು ಕಡೆ ಅಂಚು ದಪ್ಪ, ಇನ್ನೊಂದು ಕಡೆ ಸಣ್ಣ ಆದರೆ ಮುಗಿಯಿತು, ಎಲೆ ಸಿಕ್ಕಿಬಿದ್ದ ಹಾಗೆಯೇ. ಇದು ಕಟಿಂಗಿನ ತಪ್ಪು, ಅಂದರೆ ನನ್ನಂಥವನ ತಪ್ಪು. ಒಂದು ಗುಟ್ಟು ಹೇಳುತ್ತೇನೆ. ಹಾಳೆಗಳ ದಪ್ಪ ಕಟ್ಟು ಮಾಡಿ ಬ್ಲೇಡ್ ಇಳಿಸಿದರೆ, ಬ್ಲೇಡು ಕಾಗದವನ್ನು ಒಂಚೂರು ಎಳೆಯುತ್ತದೆ. ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಲಗ್ನಪತ್ರಿಕೆಯಲ್ಲಿ ಅದನ್ನು ಯಾರು ಅಳೆಯುತ್ತಾರೆ? ಇಸ್ಪೀಟಿನಲ್ಲಿ ಬೆರಳೇ ಅಳೆಯುತ್ತದೆ. ಪ್ಯಾಕನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡಿ, ನಾಲ್ಕೂ ಬದಿ ಹೆಬ್ಬೆರಳು ಆಡಿಸಿ. ಯಾವ ಎಲೆಯೂ ಹೊರಗೆ ಇಣುಕಬಾರದು. ಅಂಚು ಹತ್ತಿಯ ಹಾಗೆ ನಾರು ನಾರಾಗಿದ್ದರೆ ಬ್ಲೇಡಿಗೆ ಸಾಣೆ ಹಿಡಿಸಿ ಬಹಳ ದಿನ ಆಗಿದೆ ಅಂತ ಅರ್ಥ. ನಾನೂ ಎಷ್ಟೋ ಸಲ ನಾಳೆ ಹಿಡಿಸೋಣ ಅಂತ ತಳ್ಳಿದ್ದೇನೆ, ಸುಳ್ಳು ಹೇಳುವುದಿಲ್ಲ.

ಇನ್ನು ಕಾಗದ. ಒಳ್ಳೆಯ ಎಲೆ ಒಂದೇ ಕಾಗದದ್ದಲ್ಲ. ಎರಡು ಪದರ, ನಡುವೆ ಕಪ್ಪು ಬಣ್ಣದ ಅಂಟು. ಆ ಕಪ್ಪು ಇರುವುದು ಬೆಳಕು ಆಚೆ ದಾಟದೇ ಇರಲಿ ಅಂತ. ಎಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಆ ಮದುವೆಯ ಪ್ಯಾಕಿನಲ್ಲಿ ಹಿಂದಿನಿಂದಲೇ ಇಸ್ಪೀಟ್ ಹತ್ತು ಎಣಿಸಬಹುದಿತ್ತು. ಅದು 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಆರ್ಟ್ ಕಾರ್ಡು, ನಾವು ವಿಸಿಟಿಂಗ್ ಕಾರ್ಡಿಗೆ ಹಾಕುವುದು. ತೂಕ ಸರಿಯಾಗೇ ಇತ್ತು, ಜೀವ ಇರಲಿಲ್ಲ. ಎಲೆಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಬಿಟ್ಟರೆ ಟಪ್ ಅಂತ ನೆಟ್ಟಗಾಗಬೇಕು. ಇದು ಬಗ್ಗಿದ್ದು ಬಗ್ಗಿದ ಹಾಗೇ ಕೂತಿತು.

ಫಿನಿಶ್, ಅಂದರೆ ಎಲೆಯ ಮೈ ಹೇಗಿದೆ ಅನ್ನುವುದು, ಇದೆಲ್ಲಕ್ಕಿಂತ ಸೂಕ್ಷ್ಮ. ನುಣುಪಾಗಿದ್ದಷ್ಟೂ ಚೆನ್ನಾಗಿ ಜಾರುತ್ತದೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಎರಡು ಗಾಜಿನ ಹಲಗೆ ಒಂದರ ಮೇಲೊಂದು ಇಟ್ಟು ನೋಡಿ, ಬಿಡಿಸಲು ಸಾಕಾಗುತ್ತದೆ. ಅದಕ್ಕೇ ಒಳ್ಳೆಯ ಎಲೆಯ ಮೈಮೇಲೆ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಸಣ್ಣ ಗುಳಿ ಒತ್ತಿರುತ್ತಾರೆ. ಆ ಗುಳಿಗಳಲ್ಲಿ ಗಾಳಿ ನಿಲ್ಲುತ್ತದೆ, ಎಲೆಗೆ ಎಲೆ ಅಂಟುವುದಿಲ್ಲ. ಅಮೆರಿಕದ ಬೈಸಿಕಲ್ ಅನ್ನುವ ಪ್ಯಾಕು 1885ರಿಂದ ಇದೆ. ಅದರ ಮೇಲೆ ಏರ್ ಕುಷನ್ ಫಿನಿಶ್ ಅಂತ ಬರೆದಿರುವುದು ಇದನ್ನೇ. ನಮ್ಮಲ್ಲಿ ಹೊಳಪಿಗೆ ಅಂತ ಲ್ಯಾಮಿನೇಷನ್ ಮಾಡಿಬಿಡುತ್ತಾರೆ. ಎರಡು ದಿನ ಚಂದ. ಆಮೇಲೆ ಬೆವರು ತಾಗಿ ಮೂರು ಮೂರು ಎಲೆ ಒಟ್ಟಿಗೆ ಬರುತ್ತವೆ. ಒಂದೇ ಬದಿಗೆ ಲ್ಯಾಮಿನೇಷನ್ ಹಾಕಿದರಂತೂ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಎಲೆ ಹಪ್ಪಳದ ಹಾಗೆ ಸುರುಳಿ. ಬರಿ ಕಾಗದದ ಬದಿ ಒಣಗಿ ಕುಗ್ಗುತ್ತದೆ, ಪ್ಲಾಸ್ಟಿಕ್ ಬದಿ ಕುಗ್ಗುವುದಿಲ್ಲ, ಅದಕ್ಕೆ.

ಪರೀಕ್ಷೆ ಸುಲಭ. ಇಡೀ ಪ್ಯಾಕನ್ನು ಬಟ್ಟೆಯ ಮೇಲೆ ಒಂದೇ ಎಳೆತಕ್ಕೆ ಉದ್ದಕ್ಕೆ ಹರಡಿ. ಎಲೆ ಎಲೆಗೂ ಒಂದೇ ಅಂತರ ಬಂದರೆ ಫಿನಿಶ್ ಸರಿ ಇದೆ. ಗುಂಪು ಗುಂಪಾಗಿ ನಿಂತರೆ ಇಲ್ಲ. ಹೊಸದರಲ್ಲಿ ಒಮ್ಮೆ ನೋಡಿ, ನೂರು ಸಲ ಕಲಸಿದ ಮೇಲೆ ಇನ್ನೊಮ್ಮೆ ನೋಡಿ. ಎರಡನೆಯದೇ ಲೆಕ್ಕಕ್ಕೆ. ಅಂಟಿದ ಎಲೆಗೆ ಕೇರಂ ಪೌಡರ್ ಉಜ್ಜಬೇಡಿ. ನಮ್ಮ ಭಾವ ಉಜ್ಜಿದರು, ಕೈಯೆಲ್ಲಾ ಬಿಳಿ, ಎಲೆ ಮರಳು ಮರಳು. ಬೆಣ್ಣೆ ದೋಸೆ ತಿಂದ ಕೈಯಲ್ಲಿ ಆಡುವವರಿಗೆ ತೊಳೆದು ಒರೆಸುವ ಪ್ಲಾಸ್ಟಿಕ್ ಎಲೆಯೇ ವಾಸಿ. ನನಗೆ ಮಾತ್ರ ಅದರ ಸದ್ದು ಹಿಡಿಸುವುದಿಲ್ಲ.

ಅಳತೆಯ ಬಗ್ಗೆಯೂ ಒಂದು ಮಾತು. ಪೋಕರ್ ಎಲೆ 2.5 ಇಂಚು ಅಗಲ, ಬ್ರಿಜ್ ಎಲೆ 2.25 ಇಂಚು. ಉದ್ದ ಎರಡಕ್ಕೂ 3.5 ಇಂಚು. ರಮ್ಮಿಗೆ 13 ಎಲೆ ಬೀಸಣಿಗೆ ಥರ ಹಿಡಿಯಬೇಕು, ಸಣ್ಣದೇ ಹಿತ.

ಹೋದ ವರ್ಷ ಅಳಿಯನ ಮಗುವಿನ ನಾಮಕರಣಕ್ಕೆ ಮತ್ತೆ ಪ್ಯಾಕ್ ಮಾಡಿಸಿದರು. ಈ ಸಲ ನನ್ನನ್ನು ಕೇಳಿದರು. ಬೆನ್ನಿಗೆ ಫೋಟೋ ಬೇಡ, ಹೇಗೆ ತಿರುಗಿಸಿದರೂ ಒಂದೇ ಥರ ಕಾಣುವ ಬಳ್ಳಿ ಹಾಕಿಸಿ ಅಂದೆ. ನಡುವೆ ಕಪ್ಪು ಪದರ ಇರುವ ಕಾಗದವನ್ನೇ ಕೇಳಿ ತರಿಸಿದೆವು. ರಾತ್ರಿ ಆಡಲು ಕೂತಾಗ ಅದೇ ಮೊಮ್ಮಗಳು ಎದುರಿಗೆ ಬಂದು ಕೂತಳು. ನನ್ನ ಎಲೆಗಳ ಬೆನ್ನನ್ನೇ ಬಹಳ ಹೊತ್ತು ನೋಡಿದಳು. ಕತ್ತು ಓರೆ ಮಾಡಿ ಲೈಟಿನ ಕಡೆಯಿಂದಲೂ ನೋಡಿದಳು. ಆಮೇಲೆ, "ಈ ಪ್ಯಾಕ್ ಚೆನ್ನಾಗಿಲ್ಲ ಅಜ್ಜ" ಅಂತ ಎದ್ದು ಹೋದಳು.

ನಮಸ್ಕಾರ.