ಮೆದುಳಿನ ಲಿಂಫೋಮಾ: ಗಡ್ಡೆ ಕರಗಿತೆಂದು ಸುಮ್ಮನಾಗಬೇಡಿ

ಕೇಳುಗರಿಗೆ ನಮಸ್ಕಾರ.

ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಒಂದು ಮನೆ. ಅರವತ್ತು ದಾಟಿದ ಹಿರಿಯರು ಮೂರ್ನಾಲ್ಕು ವಾರಗಳಿಂದ ಮಂಕಾಗಿದ್ದಾರೆ. ಡೇರಿಗೆ ಹಾಲು ಹಾಕಲು ಹೋದರೆ ಕ್ಯಾನು ಅಲ್ಲೇ ಬಿಟ್ಟು ಬರುತ್ತಾರೆ. 'ವಯಸ್ಸಾಯಿತು, ಅರಳುಮರಳು' ಎಂದು ಮನೆಯವರು ಸುಮ್ಮನಿರುತ್ತಾರೆ. ವಯಸ್ಸಿನ ಮರೆವು ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನಕ್ಕೆ ಬರುವಂಥದ್ದು. ವಾರಗಳಲ್ಲೇ ಮನುಷ್ಯ ಬದಲಾದರೆ ತಲೆಯ ಸ್ಕ್ಯಾನ್ ಆಗಲೇಬೇಕು.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಾಗ ನಮ್ಮಲ್ಲಿ ಮೊದಲು ಕ್ಷಯದ ಗಂಟು, ಲಾಡಿಹುಳುವಿನ ಚೀಲ ನೆನಪಾಗುತ್ತವೆ. ಅದು ಸರಿಯೇ. ಆದರೆ ಅಪರೂಪಕ್ಕೆ ಅದು ಮೆದುಳಿನಲ್ಲೇ ಹುಟ್ಟಿದ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿರುತ್ತದೆ. ಊತ ಇಳಿಸಲೆಂದು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರೆ ಕೆಲವೇ ದಿನಗಳಲ್ಲಿ ರೋಗಿ ಎದ್ದು ಕೂತು ಮಾತಾಡಬಹುದು. ಎಡವುವುದು ಇಲ್ಲೇ. ಈ ಔಷಧ ಊತವನ್ನಷ್ಟೇ ಅಲ್ಲ, ಲಿಂಫೋಮಾ ಕಣಗಳನ್ನೂ ಕೊಲ್ಲುತ್ತದೆ. ಗಡ್ಡೆ ಸ್ಕ್ಯಾನಿನಿಂದ ಮಾಯವಾಗಬಹುದು, ಬಯಾಪ್ಸಿಯಲ್ಲಿ, ಅಂದರೆ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆಯಲ್ಲಿ, ಬರೀ ಸತ್ತ ಕಣ ಸಿಗಬಹುದು. ಅದು ವಾಸಿಯಾದದ್ದಲ್ಲ, ಮತ್ತೆ ಬರುತ್ತದೆ.

ಹಾಗಾಗಿ ಲಿಂಫೋಮಾದ ಸಂಶಯವಿದ್ದು ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಬಯಾಪ್ಸಿ ಮೊದಲು, ಸ್ಟಿರಾಯ್ಡ್ ಆಮೇಲೆ. ಊತ ಜೀವಕ್ಕೇ ಎರವಾಗುವಂತಿದ್ದರೆ ಕಾಯುವಂತಿಲ್ಲ, ಕೊಡಲೇಬೇಕು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ತಾವಾಗಿಯೇ ನಿಲ್ಲಿಸಬೇಡಿ, ರಕ್ತದೊತ್ತಡ ಕುಸಿಯಬಹುದು. ಮಂಡಿನೋವಿಗೆ ತಂದ ಹೆಸರಿಲ್ಲದ ಪುಡಿಯಲ್ಲೂ ಸ್ಟಿರಾಯ್ಡ್ ಬೆರೆತಿರಬಹುದು. ಅದನ್ನೂ ವೈದ್ಯರಿಗೆ ಹೇಳಿ.

ಗಡ್ಡೆ ಎದ್ದು ಕಾಣಲು ಕಾಂಟ್ರಾಸ್ಟ್ ಔಷಧ ಹಾಕಿದ ಎಂಆರ್‌ಐ, ಎಚ್‌ಐವಿ ಪರೀಕ್ಷೆ, ಕಣ್ಣಿನೊಳಗಿನ ತಪಾಸಣೆ, ಮೈಯಲ್ಲಿ ಬೇರೆಲ್ಲಾದರೂ ಲಿಂಫೋಮಾ ಇದೆಯೇ ಎಂದು ಸ್ಕ್ಯಾನ್ ಬೇಕು. ಬಯಾಪ್ಸಿಗೆ ಬುರುಡೆಯಲ್ಲಿ ಸಣ್ಣ ರಂಧ್ರ ಸಾಕು. ಸ್ಕ್ಯಾನಿನ ಅಳತೆ ಹಿಡಿದು ಸೂಜಿ ಇಳಿಸಿ ಕೆಲವು ಚೂರು ತೆಗೆಯುತ್ತಾರೆ. ಈ ಗಡ್ಡೆ ಮೆದುಳಿನೊಳಗೆ ಹರಡಿಕೊಂಡಿರುವುದರಿಂದ ಕತ್ತರಿಸಿ ತೆಗೆದರೆ ಮುಗಿಯುವುದಿಲ್ಲ. ಮುಖ್ಯ ಚಿಕಿತ್ಸೆ ಕೀಮೋ.

ಇದರಲ್ಲಿ ಮುಖ್ಯ ಕೀಮೋ ಔಷಧವಾದ ಮೆಥೊಟ್ರೆಕ್ಸೇಟ್ ಸಾಮಾನ್ಯ ಪ್ರಮಾಣದಲ್ಲಿ ಮೆದುಳಿಗೆ ಸಾಕಷ್ಟು ಇಳಿಯುವುದಿಲ್ಲ. ಅದಕ್ಕೇ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 3 ಗ್ರಾಂ ಅಥವಾ ಹೆಚ್ಚು, ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕೊಡುತ್ತಾರೆ. ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರ ಹುಳಿಯಾಗಿದ್ದರೆ ಔಷಧ ಅಲ್ಲೇ ಹರಳುಗಟ್ಟುತ್ತದೆ. ಆದ್ದರಿಂದ ಧಾರಾಳ ಡ್ರಿಪ್, ಜೊತೆಗೆ ಸೋಡಾ ಬೈಕಾರ್ಬ್, ಮೂತ್ರದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 7ಕ್ಕಿಂತ ಇಳಿಯದಂತೆ ಕಾವಲು. ಸುಮಾರು 24 ಗಂಟೆಗೆ, ಮೆಥೊಟ್ರೆಕ್ಸೇಟ್‌ನ ಹಾನಿಯಿಂದ ಮೈಯ ಒಳ್ಳೆಯ ಕಣಗಳನ್ನು ಕಾಪಾಡುವ ಲ್ಯೂಕೊವೊರಿನ್ ಎಂಬ ಔಷಧ ಶುರು. ರಕ್ತದಲ್ಲಿ ಔಷಧ ಸುರಕ್ಷಿತ ಮಟ್ಟಕ್ಕೆ ಇಳಿಯುವವರೆಗೂ ಅದು ನಿಲ್ಲಬಾರದು.

ಈ ದಿನಗಳಲ್ಲಿ ನೀವು ಚೀಲದಲ್ಲಿ ತಂದ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್, ನೋವಿನ ಮಾತ್ರೆ ಡೈಕ್ಲೋಫೆನಾಕ್, ಸೋಂಕಿನ ಮಾತ್ರೆ ಕೋಟ್ರೈಮಾಕ್ಸಜೋಲ್ ಯಾವುದನ್ನೂ ಕೇಳದೆ ಕೊಡಬೇಡಿ. ಕೀಮೋ ಔಷಧ ಮೈಯಲ್ಲೇ ಉಳಿದು ಬಾಯಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಕೋಲಾರದಿಂದ ಬೆಂಗಳೂರಿಗೆ ಹೊರಡುವಾಗ ಮೊದಲ ಸ್ಕ್ಯಾನಿನ ಸಿಡಿ ಜೊತೆಗಿರಲಿ. ಸ್ಟಿರಾಯ್ಡ್ ಯಾವ ದಿನ ಶುರುವಾಯಿತು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.